ಕಾರ್ಡೋ, ಶಿಬಿರವೋ: ವಾಜಪೇಯಿ ಆರೋಗ್ಯಶ್ರೀಯ ಮರಣ ಲೆಕ್ಕದ ಮರು ಓದು

ಕರ್ನಾಟಕದ ಆರೋಗ್ಯ ವಿಮೆಯ ಬಗ್ಗೆ ಬರೆಯುವವರು ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ದಾಟಿ ಹೋಗುವಂತಿಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಉತ್ತರ ಕರ್ನಾಟಕದಲ್ಲಿ. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯಿತು. ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆಯಂಥವುಗಳಿಗೆ ಕಂತು ಕಟ್ಟದೆಯೇ ಉಚಿತ ಚಿಕಿತ್ಸೆ. ಯೋಜನೆ ಬಂದ ಉತ್ತರ ಮತ್ತು ಬಾರದ ದಕ್ಷಿಣದ ನಡುವಿನ ಗಡಿಯ ಆಚೀಚಿನ 572 ಹಳ್ಳಿಗಳನ್ನು ಅಧ್ಯಯನ ಹೋಲಿಸಿದಾಗ, ಯೋಜನೆಗೆ ಒಳಪಡಬಲ್ಲ ಕಾಯಿಲೆಗಳ ಮರಣ ಪ್ರಮಾಣ ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90. ಅಂದರೆ ಸುಮಾರು ಶೇ. 64ರಷ್ಟು ಇಳಿಕೆ. ಕಾರ್ಡು ಕೊಟ್ಟರೆ ಜೀವ ಉಳಿಯುತ್ತದೆ ಎಂಬ ತೀರ್ಮಾನಕ್ಕೆ ಈ ಅಂಕಿಯೇ ಆಧಾರವಾಗಿದೆ.

ನನ್ನ ತಕರಾರು ಈ ಅಂಕಿಯ ಮೇಲಲ್ಲ, ಅದರಿಂದ ತೆಗೆಯುವ ತೀರ್ಮಾನದ ಮೇಲೆ. ಅದೇ ಅಧ್ಯಯನದ ಪ್ರಕಾರ ಚಿಕಿತ್ಸೆಯ ಬಳಕೆ ಹೆಚ್ಚಿದ್ದು ಶೇ. 44.2, ಅದೂ ಸಂಖ್ಯಾಶಾಸ್ತ್ರದ ಮಾಪನದಲ್ಲಿ ಖಚಿತವಲ್ಲ, ಅದರ ವ್ಯಾಪ್ತಿ ಶೇ. 5.1ರ ಇಳಿಕೆಯಿಂದ ಶೇ. 90.5ರ ಏರಿಕೆಯವರೆಗೆ ಚಾಚಿದೆ. ಈಗ ಒಂದು ಸರಳ ಲೆಕ್ಕ ಹಾಕೋಣ. ಚಿಕಿತ್ಸೆ ಸಿಕ್ಕವರೆಲ್ಲ ಬದುಕಿದರು, ಸಿಗದವರೆಲ್ಲ ಸತ್ತರು ಎಂದು ವಿಮೆಗೆ ಅತ್ಯಂತ ಅನುಕೂಲವಾಗಿಯೇ ಊಹಿಸಿಕೊಳ್ಳೋಣ. ಆಗಲೂ, ಬಳಕೆ ಶೇ. 44 ಏರಿದ್ದರಿಂದಲೇ ಸಾವು ಶೇ. 64 ಇಳಿಯಬೇಕಾದರೆ, ಯೋಜನೆಯಿಲ್ಲದ ಹಳ್ಳಿಗಳಲ್ಲೂ ಇಂಥ ಬಡ ರೋಗಿಗಳಲ್ಲಿ ಸುಮಾರು ಶೇ. 59 ಮಂದಿಗೆ ಮೊದಲೇ ಚಿಕಿತ್ಸೆ ಸಿಗುತ್ತಿದ್ದಿರಬೇಕು. ಬಳಕೆಯ ಗರಿಷ್ಠ ಅಂದಾಜನ್ನೇ ಹಿಡಿದರೂ ಅದು ಶೇ. 42. ಹೃದಯ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಯೋಜನೆಯಿಲ್ಲದ ಗಡಿ ಹಳ್ಳಿಯ ಕೂಲಿ ಕುಟುಂಬಗಳ ಬಗ್ಗೆ ಇದನ್ನು ನಂಬುವುದು ಕಷ್ಟ. ಹಾಗಾಗಿ ಎಷ್ಟು ಜನ ಆಸ್ಪತ್ರೆಗೆ ಹೋದರು ಎಂಬುದಕ್ಕಿಂತ ಯಾರು ಹೋದರು, ಎಷ್ಟು ಬೇಗ ಹೋದರು, ಸರಿಯಾದ ಆಸ್ಪತ್ರೆಗೆ ಹೋದರೇ ಎಂಬುದೇ ಬಹುಶಃ ಹೆಚ್ಚು ಕೆಲಸ ಮಾಡಿರಬೇಕು. ಈ ಮೂರನ್ನೂ ಬದಲಿಸಬಲ್ಲ ಅಂಗವೊಂದು ಯೋಜನೆಯೊಳಗೇ ಇತ್ತು: ಆಸ್ಪತ್ರೆಗಳು ಹಳ್ಳಿಗಾಡಿಗೆ ಬಂದು ನಡೆಸಿದ ಆರೋಗ್ಯ ಶಿಬಿರ. ಇದು ಪರೋಕ್ಷ ತರ್ಕವೆಂಬುದನ್ನು ಒಪ್ಪುತ್ತೇನೆ. ಶಿಬಿರವೇ ಕಾರಣವೆಂದು ಸಾಧಿಸಿಲ್ಲ, ಅದನ್ನು ಬಿಟ್ಟು ಲೆಕ್ಕ ಕೂಡುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮರಣದ ಅಂಕಿಯೇ ಉಬ್ಬಿರಬಹುದಲ್ಲ ಎಂಬ ಆಕ್ಷೇಪ ಬರುತ್ತದೆ. ಮನೆಮನೆ ಸಮೀಕ್ಷೆಯಲ್ಲಿ ಸಾವಿನ ಕಾರಣ ಹಿಡಿಯುವುದು ಸುಲಭವಲ್ಲ, ನಿಜ. ಆದರೆ ಅವೇ ಹಳ್ಳಿಗಳ ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಂಡಿಲ್ಲ. ಗಣತಿಯ ದೋಷವೇ ಆಗಿದ್ದರೆ ಅಲ್ಲೂ ಸ್ವಲ್ಪವಾದರೂ ಇಣುಕಬೇಕಿತ್ತು. ದುಡ್ಡಿನ ಭಯ ಹೋದದ್ದರಿಂದಲೇ ರೋಗಿಗಳು ಬೇಗ ಬಂದರು ಎಂಬ ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಜೇಬಿನ ಖರ್ಚು ಇಳಿದದ್ದನ್ನು ಅಧ್ಯಯನವೂ ತೋರಿಸಿದೆ. ಆದರೂ ತನ್ನ ಎದೆನೋವು ಹೃದ್ರೋಗವೆಂದು ಗೊತ್ತಿಲ್ಲದವನಿಗೆ ಉಚಿತ ಶಸ್ತ್ರಚಿಕಿತ್ಸೆಯ ಸುದ್ದಿಯಿಂದ ಏನು ಪ್ರಯೋಜನ?

ಇದು ಹಳೆಯ ಜಗಳವಾಗಿ ಮುಗಿಯುವುದಿಲ್ಲ. 2018ರ ಆರೋಗ್ಯ ಕರ್ನಾಟಕ ಯೋಜನೆ, ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಯ ಉನ್ನತ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೆಂದಿತು. ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸುವ ದೃಷ್ಟಿಯಿಂದ ಈ ನಿಯಮ ಸಮಂಜಸವೇ. ಆದರೆ ಶಿಬಿರ ರೋಗಿಯನ್ನು ಹುಡುಕಿಕೊಂಡು ಹೋಗುತ್ತಿತ್ತು; ರೆಫರಲ್ ರೋಗಿ ಬರಲೆಂದು ಕಾಯುತ್ತದೆ. ತಜ್ಞ ವೈದ್ಯರ ಹುದ್ದೆ ಖಾಲಿ ಬಿದ್ದ ತಾಲ್ಲೂಕಿನಲ್ಲಿ ಈ ಕಾಯುವಿಕೆ ಎಷ್ಟು ದಿನದ್ದು ಎಂಬ ಪ್ರಶ್ನೆ ತೆರೆದೇ ಇದೆ, ಇಲ್ಲಿನ ಲೆಕ್ಕ ಅದನ್ನು ಬಿಡಿಸಲಾರದು. ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ರೋಗಿಗಳ ಹೆಸರು ತೆಗೆದು, ರೆಫರಲ್ ಬರೆದ ದಿನ ಮತ್ತು ಚಿಕಿತ್ಸೆ ಶುರುವಾದ ದಿನಗಳನ್ನು ತಾಲ್ಲೂಕುವಾರು ಪ್ರಕಟಿಸಲಿ.