ಮೂಕಜೀವಕ್ಕೆ ಮಾತು ಕೊಟ್ಟ ಉಪಕರಣಗಳು

ಯಾವುದೇ ಊರಿನ ಪಶು ಆಸ್ಪತ್ರೆಯ ಮುಂದೆ ಬೆಳಗಿನ ಹೊತ್ತು ನಿಂತರೆ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಕಬ್ಬಿಣದ ಪೈಪುಗಳ ಚೌಕಟ್ಟಿನೊಳಗೆ ತಲೆ ತಗ್ಗಿಸಿ ನಿಂತ ಒಂದು ಹಸು. ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ರೈತ. ‘ಏನಾಗಿದೆ?’ ಎಂದು ವೈದ್ಯರು ಕೇಳುತ್ತಾರೆ. ‘ನಿನ್ನೆಯಿಂದ ಮೇವು ಮುಟ್ಟಿಲ್ಲ ಸಾರ್, ಮೆಲುಕೂ ಹಾಕ್ತಿಲ್ಲ’ ಎಂದು ಉತ್ತರ ಬರುತ್ತದೆ. ಉತ್ತರ ಹೇಳಿದವನು ರೈತ, ಹಸುವಲ್ಲ. ಎಲ್ಲಿ ನೋವು, ಎಂದಿನಿಂದ ನೋವು ಎಂದು ಹೇಳಲು ಹಸುವಿಗೆ ಬಾಯಿಲ್ಲ.

ಪಶುವೈದ್ಯಕೀಯದ ಮೂಲ ಸಮಸ್ಯೆ ಇದೇ. ಮಾತನಾಡದ ರೋಗಿಯ ಕಾಯಿಲೆಯನ್ನು ತಿಳಿಯುವುದು ಹೇಗೆ? ತಿಳಿದ ಮೇಲೆ, ಮುನ್ನೂರು ನಾನೂರು ಕಿಲೋ ತೂಗುವ, ಹೆದರಿದರೆ ಒದೆಯುವ ಆ ರೋಗಿಗೆ ಹೆಚ್ಚು ನೋವಾಗದಂತೆ ಚಿಕಿತ್ಸೆ ಕೊಡುವುದು ಹೇಗೆ? ಪಶುವೈದ್ಯರ ಚೀಲದಲ್ಲಿರುವ ಒಂದೊಂದು ಉಪಕರಣವೂ ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಸಿಕ್ಕ ಉತ್ತರ. ಆ ಉತ್ತರಗಳು ಒಂದೇ ದಿನ ಸಿಕ್ಕಿದ್ದಲ್ಲ, ಒಂದೇ ದೇಶದಿಂದ ಬಂದದ್ದೂ ಅಲ್ಲ.

ಗೊಟ್ಟದ ಕಾಲ

ದನಕರುಗಳ ಚಿಕಿತ್ಸೆ ಕನ್ನಡ ನಾಡಿಗೆ ಹೊಸದೇನಲ್ಲ. ಚಾಳುಕ್ಯ ರಾಜಮನೆತನದ ಕೀರ್ತಿವರ್ಮ 12ನೇ ಶತಮಾನದ ಹೊತ್ತಿಗೇ ‘ಗೋವೈದ್ಯ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದಿದ್ದ. ಹಳ್ಳಿಗಳಲ್ಲಿ ನಾಟಿ ವೈದ್ಯರು ಗಿಡಮೂಲಿಕೆಗಳ ಔಷಧಿ ಕೊಡುತ್ತಿದ್ದರು. ಅವರ ಮುಖ್ಯ ಸಲಕರಣೆ ಬಿದಿರಿನ ಗೊಟ್ಟ. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದ ಈ ಕೊಳವೆಯಲ್ಲಿ ಔಷಧಿ ತುಂಬಿ, ದನದ ತಲೆಯನ್ನು ಮೇಲೆತ್ತಿ ಬಾಯೊಳಗೆ ಸುರಿಯುವುದು ರೂಢಿ. ಉಳಿದದ್ದು ಬರೆ. ಊತ ಬಂದರೆ, ಕುಂಟಿದರೆ ಕಾಸಿದ ಕಬ್ಬಿಣದಿಂದ ಚರ್ಮಕ್ಕೆ ಬರೆ ಎಳೆಯಲಾಗುತ್ತಿತ್ತು.

ಗೊಟ್ಟದಲ್ಲಿ ಒಂದು ಅಪಾಯವಿತ್ತು. ತಲೆಯನ್ನು ಅತಿಯಾಗಿ ಮೇಲೆತ್ತಿ, ನಾಲಿಗೆ ಎಳೆದು ಹಿಡಿದು ಅವಸರದಲ್ಲಿ ಸುರಿದರೆ ಔಷಧಿ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಆಮೇಲೆ ಬರುವುದು ನ್ಯುಮೋನಿಯಾ. ಮೊದಲಿನ ಕಾಯಿಲೆಯಿಂದ ಬದುಕಬಹುದಾಗಿದ್ದ ದನ ಔಷಧಿಯಿಂದಲೇ ಸಾಯುತ್ತಿದ್ದುದುಂಟು. ಪಶುವೈದ್ಯರು ಇಂದಿಗೂ ರೈತರಿಗೆ ಈ ಎಚ್ಚರಿಕೆ ಹೇಳುತ್ತಾರೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಸಿರಿಂಜು. 1853ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ವೈದ್ಯ ಚಾರ್ಲ್ಸ್ ಪ್ರಾವಾಜ್ ಬೆಳ್ಳಿಯ ಪುಟ್ಟ ಸಿರಿಂಜೊಂದನ್ನು ಮಾಡಿಸಿ, ಅದನ್ನು ಕುರಿಗಳ ಮೇಲೆ ಪ್ರಯೋಗಿಸಿದ. ಅದೇ ವರ್ಷ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ತನ್ನ ರೋಗಿಗಳಿಗೆ ಚರ್ಮದಡಿ ಚುಚ್ಚುಮದ್ದು ಕೊಡಲಾರಂಭಿಸಿದ. ಇಂದು ಮನುಷ್ಯರೆಲ್ಲ ತೋಳೊಡ್ಡುವ ಸಿರಿಂಜಿಗೆ ಮೊದಲು ಮೈಯೊಡ್ಡಿದವುಗಳಲ್ಲಿ ಕುರಿಗಳೂ ಇದ್ದವು.

ಕೇಳುವ ಕೊಳವೆ, ಅಳೆಯುವ ಕಡ್ಡಿ

ಸ್ಟೆತಸ್ಕೋಪ್ ಮಾತ್ರ ಮನುಷ್ಯರ ಆಸ್ಪತ್ರೆಯಿಂದ ಕೊಟ್ಟಿಗೆಗೆ ಬಂದದ್ದು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲಾಯೆನೆಕ್ ಯುವತಿಯೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು ಕಾಗದವನ್ನು ಕೊಳವೆಯಂತೆ ಸುತ್ತಿ ಹಿಡಿದ. ಎದೆಬಡಿತ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. 1852ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕ್ಯಾಮನ್ ಅದಕ್ಕೆ ಎರಡು ಕಿವಿಗಳ ರೂಪ ಕೊಟ್ಟ.

ಹಸುವಿನ ವಿಷಯದಲ್ಲಿ ಈ ಕೊಳವೆಗೆ ಎದೆಯಷ್ಟೇ ಹೊಟ್ಟೆಯೂ ಮುಖ್ಯ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದಾದ ರೂಮೆನ್ ಎಡಬದಿಯನ್ನು ಬಹುಪಾಲು ತುಂಬಿಕೊಂಡಿರುತ್ತದೆ. ಎಡಪಕ್ಕೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ, ಆರೋಗ್ಯವಂತ ಹಸುವಿನಲ್ಲಿ ಎರಡು ನಿಮಿಷಕ್ಕೆ ಎರಡು ಮೂರು ಬಾರಿ ದೂರದ ಗುಡುಗಿನಂಥ ಸದ್ದು ಕೇಳುತ್ತದೆ. ಆ ಗುಡುಗು ನಿಂತಿದ್ದರೆ ಜೀರ್ಣಕ್ರಿಯೆ ನಿಂತಿದೆ ಎಂದು ಅರ್ಥ. ಪಕ್ಕೆಗೆ ಬೆರಳಿನಿಂದ ತಟ್ಟಿದಾಗ ಲೋಹದ ಪಾತ್ರೆಗೆ ಹೊಡೆದಂತೆ ‘ಪಿಂಗ್’ ಎಂಬ ದನಿ ಬಂದರೆ, ನಾಲ್ಕನೆಯ ಕೋಣೆ ಗಾಳಿ ತುಂಬಿಕೊಂಡು ತನ್ನ ಜಾಗದಿಂದ ಸರಿದಿರುವ ಶಂಕೆ. ಹಸು ಹೇಳಲಾರದ ಮಾತನ್ನು ಹೀಗೆ ಅದರ ಹೊಟ್ಟೆ ಹೇಳುತ್ತದೆ.

ಥರ್ಮಾಮೀಟರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಿಂದೆ ಜ್ವರ ನೋಡಲು ದನದ ಕಿವಿ ಮುಟ್ಟುತ್ತಿದ್ದರು, ಮೂತಿ ಒಣಗಿದೆಯೇ ಎಂದು ನೋಡುತ್ತಿದ್ದರು. ಆ ಅನುಭವ ಸುಳ್ಳಲ್ಲ. ಆದರೆ ಕೈಗೆ ಸಿಗುವುದು ಅಂದಾಜು ಮಾತ್ರ. 19ನೇ ಶತಮಾನದ ನಡುವಿನವರೆಗೆ ಥರ್ಮಾಮೀಟರು ಒಂದು ಅಡಿಯಷ್ಟು ಉದ್ದವಿದ್ದು, ಉಷ್ಣಾಂಶ ತೋರಿಸಲು 20 ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ದನವನ್ನು ಅಲುಗದಂತೆ ನಿಲ್ಲಿಸುವವರು ಯಾರು? 1866ರ ಸುಮಾರಿಗೆ ಇಂಗ್ಲೆಂಡಿನ ವೈದ್ಯ ಕ್ಲಿಫರ್ಡ್ ಆಲ್ಬಟ್ ಆರು ಇಂಚಿನ, ಐದೇ ನಿಮಿಷದಲ್ಲಿ ಕೆಲಸ ಮುಗಿಸುವ ಥರ್ಮಾಮೀಟರನ್ನು ರೂಪಿಸಿದ. ಹಸುವಿನ ಸಹಜ ಉಷ್ಣಾಂಶ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನಿಗೆ ಜ್ವರ ಎನಿಸುವ ಅಂಕಿ ಹಸುವಿಗೆ ಆರೋಗ್ಯದ ಅಂಕಿ. ಕೈಯಿಂದ ಮುಟ್ಟಿ ನೋಡುವವರಿಗೆ ಈ ವ್ಯತ್ಯಾಸ ಗೊತ್ತಾಗುವ ಬಗೆಯೇ ಇರಲಿಲ್ಲ. ಗುದದ್ವಾರದಲ್ಲಿ ಇಡುವ ಈ ಕಡ್ಡಿಗೆ ದಾರ ಕಟ್ಟಿ ಬಾಲದ ಕೂದಲಿಗೆ ಸಿಕ್ಕಿಸುವ ಪದ್ಧತಿಯೂ ಇದೆ. ಇಲ್ಲದಿದ್ದರೆ ಕಡ್ಡಿ ಒಳಗೆ ಜಾರಬಹುದು, ನೆಲಕ್ಕೆ ಬಿದ್ದು ಒಡೆಯಬಹುದು.

ನಿಮಿಷಗಳ ಲೆಕ್ಕ

ಎಲ್ಲ ಕಾಯಿಲೆಗಳೂ ಇಷ್ಟು ಪುರಸೊತ್ತು ಕೊಡುವುದಿಲ್ಲ. ಎಳೆಯ ಹಸಿರು ಮೇವನ್ನು, ಅದರಲ್ಲೂ ದ್ವಿದಳ ಜಾತಿಯ ಮೇವನ್ನು ಹಸಿದ ದನ ಒಮ್ಮೆಲೇ ತಿಂದರೆ ಹೊಟ್ಟೆಯಲ್ಲಿ ಅನಿಲ ತುಂಬಿಕೊಳ್ಳುತ್ತದೆ. ಇದೇ ಹೊಟ್ಟೆ ಉಬ್ಬರ. ಎಡಪಕ್ಕೆ ಡೋಲಿನಂತೆ ಬಿಗಿಯುತ್ತದೆ, ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತುತ್ತದೆ. ಬೆಳಿಗ್ಗೆ ಹಾಲು ಕೊಟ್ಟ ಹಸು ಮಧ್ಯಾಹ್ನದ ಹೊತ್ತಿಗೆ ಸತ್ತು ಬಿದ್ದಿರಬಹುದು.

ಆಗ ಹೊರಬರುವುದು ಟ್ರೋಕಾರ್. ಚೂಪಾದ ಉಕ್ಕಿನ ಸಲಾಕೆ, ಅದರ ಮೇಲೊಂದು ಕೊಳವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಎಡಗುಳಿಯಲ್ಲಿ ಚುಚ್ಚಿ, ಸಲಾಕೆಯನ್ನು ಹೊರಗೆಳೆದು ಕೊಳವೆಯನ್ನು ಅಲ್ಲೇ ಬಿಟ್ಟರೆ ಅನಿಲ ಹೊರನುಗ್ಗುತ್ತದೆ. ಯುರೋಪಿನ ಕುರಿಗಾಹಿಗಳಿಗೂ ಇದು ಪರಿಚಿತವಾಗಿತ್ತು. ಥಾಮಸ್ ಹಾರ್ಡಿಯ 1874ರ ಕಾದಂಬರಿ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ನಲ್ಲಿ ನಾಯಕ ಉಬ್ಬಿದ ಕುರಿಗಳನ್ನು ಇಂಥದೇ ಸಾಧನದಿಂದ ಬದುಕಿಸುವ ಪ್ರಸಂಗವಿದೆ. ಆದರೆ ಅನಿಲ ನೊರೆಯ ರೂಪದಲ್ಲಿದ್ದರೆ ಟ್ರೋಕಾರಿನಿಂದ ಹೆಚ್ಚು ಪ್ರಯೋಜನವಿಲ್ಲ. ನೊರೆ ಒಡೆಯಲು ಎಣ್ಣೆ ಕುಡಿಸಬೇಕು. ಹೊಸ ಉಪಕರಣ ಬಂದಾಕ್ಷಣ ಹಳೆಯ ತಿಳಿವಳಿಕೆಯೆಲ್ಲ ಮೂಲೆಗೆ ಸೇರಬೇಕಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ರಕ್ತ ಹರಿಸದ ಇಕ್ಕಳ

ನೋವಿನ ವಿಚಾರಕ್ಕೆ ಬಂದರೆ, ಭಾರತದ ಎತ್ತುಗಳು ಅತಿ ಹೆಚ್ಚು ಋಣಿಯಾಗಿರಬೇಕಾದದ್ದು ಇಟಲಿಯ ಒಬ್ಬ ಪಶುವೈದ್ಯನಿಗೆ. ಹೋರಿಯನ್ನು ಉಳುಮೆಗೆ, ಗಾಡಿಗೆ ಪಳಗಿಸಬೇಕಾದರೆ ಬೀಜ ಒಡೆಯಬೇಕು. ಹಿಂದೆ ಈ ಕೆಲಸ ಅಕ್ಷರಶಃ ಒಡೆಯುವುದೇ ಆಗಿತ್ತು. ಹೋರಿಯನ್ನು ಕೆಡವಿ, ನಾಲ್ಕೂ ಕಾಲು ಕಟ್ಟಿ, ವೃಷಣವನ್ನು ಮರದ ಕೋಲುಗಳ ನಡುವೆ ಸಿಕ್ಕಿಸಿ ಕಲ್ಲಿನಿಂದ ಜಜ್ಜುತ್ತಿದ್ದರು. ಇಲ್ಲವೇ ಚಾಕುವಿನಿಂದ ಕುಯ್ಯುತ್ತಿದ್ದರು. ಕುಯ್ದ ಗಾಯಕ್ಕೆ ನೊಣ ಕೂತು ಹುಳು ಬೀಳುತ್ತಿತ್ತು, ಧನುರ್ವಾಯು ತಗಲುತ್ತಿತ್ತು.

ಉತ್ತರ ಇಟಲಿಯ ಲಾ ಮೋರಾ ಊರಿನ ನೆಪೋಲಿಯೋನೆ ಬರ್ಡಿಜೋ 1910ರ ಸುಮಾರಿಗೆ ಉದ್ದ ಹಿಡಿಗಳ ಒಂದು ಇಕ್ಕಳವನ್ನು ತಯಾರಿಸಿದ. ಅದರ ದವಡೆ ಚರ್ಮವನ್ನು ಕುಯ್ಯುವುದಿಲ್ಲ. ಒಳಗಿನ ವೀರ್ಯನಾಳ ಮತ್ತು ರಕ್ತನಾಳಗಳನ್ನು ಮಾತ್ರ ಅಮುಕಿ ಹಾಕುತ್ತದೆ. ರಕ್ತ ಪೂರೈಕೆ ನಿಂತು ಕೆಲವು ವಾರಗಳಲ್ಲಿ ವೃಷಣ ತಾನಾಗಿ ಬತ್ತುತ್ತದೆ. ಗಾಯವೇ ಇಲ್ಲವೆಂದ ಮೇಲೆ ಹುಳು ಬೀಳುವ ಪ್ರಶ್ನೆಯೂ ಇಲ್ಲ. ನೋವು ಇಲ್ಲವೆಂದಲ್ಲ; ಆದ್ದರಿಂದ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟೇ ಇದನ್ನು ಬಳಸಬೇಕೆಂಬುದು ಇಂದಿನ ತಿಳಿವಳಿಕೆ. ಆದರೂ ಕಲ್ಲಿನಿಂದ ಇಕ್ಕಳಕ್ಕೆ ಬಂದದ್ದು ಸಣ್ಣ ದಾರಿಯಲ್ಲ. ತಯಾರಿಸಿದವನ ಹೆಸರೇ ಉಪಕರಣದ ಹೆಸರಾಗಿ, ನಮ್ಮ ಪಶು ಆಸ್ಪತ್ರೆಗಳಲ್ಲಿಯೂ ಅದು ‘ಬರ್ಡಿಜೋ’ ಎಂದೇ ಪ್ರಸಿದ್ಧ.

ದೊಡ್ಡರೋಗ ಮತ್ತು ತಣ್ಣನೆಯ ಪೆಟ್ಟಿಗೆ

ಇವೆಲ್ಲ ಒಂದೊಂದು ಪ್ರಾಣಿಯನ್ನು ಉಳಿಸುವ ಸಾಧನಗಳು. ಇಡೀ ಹಟ್ಟಿಯನ್ನೇ ಬರಿದು ಮಾಡುವ ಪಿಡುಗು ಬಂದರೆ? ಅಂಥ ಪಿಡುಗು ದೊಡ್ಡರೋಗ. ಬಾಯಲ್ಲಿ ಹುಣ್ಣು, ತೀವ್ರ ಜ್ವರ, ನಿಲ್ಲದ ಭೇದಿ, ಕೆಲವೇ ದಿನಗಳಲ್ಲಿ ಸಾವು. ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು 1761ರಲ್ಲಿ ಕ್ಲಾಡ್ ಬೂರ್ಜಲಾ ಲಿಯಾನ್‌ನಲ್ಲಿ ಸ್ಥಾಪಿಸಲು ಯುರೋಪಿನಲ್ಲಿ ಹಬ್ಬಿದ್ದ ಈ ರೋಗವೇ ಒಂದು ಮುಖ್ಯ ಕಾರಣ.

ಭಾರತದಲ್ಲಿ ಬ್ರಿಟಿಷರ ಪಶುವೈದ್ಯರಿಗೆ ಮೊದಲು ಕಂಡದ್ದು ಸೈನ್ಯದ ಕುದುರೆ, ರೈತನ ದನವಲ್ಲ. ದೊಡ್ಡರೋಗದ ಹಾವಳಿ ತಡೆಯಲಾರದಾದಾಗ 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಾಲಯ ಆರಂಭವಾಯಿತು. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ. 1920ರ ದಶಕದಲ್ಲಿ ಜೆ.ಟಿ. ಎಡ್ವರ್ಡ್ಸ್ ಅಲ್ಲಿ ರೋಗದ ವೈರಸ್ಸನ್ನು ಮೇಕೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ದನಗಳಿಗೆ ಕೊಡಬಹುದಾದ ಲಸಿಕೆಯನ್ನು ಪಡೆದರು. ಮೈಸೂರು ಸಂಸ್ಥಾನವೂ ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. 1960ರ ಹೊತ್ತಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಜೀವಕೋಶಗಳಲ್ಲಿ ಬೆಳೆಸಿದ ಇನ್ನೂ ಸುರಕ್ಷಿತವಾದ ಲಸಿಕೆಯನ್ನು ರೂಪಿಸಿದರು.

ಇಲ್ಲಿ ಗೆದ್ದದ್ದು ಲಸಿಕೆಯಾದರೂ, ಅದನ್ನು ಹೊತ್ತು ತಂದದ್ದು ಯಾರೂ ಗಮನಿಸದ ಎರಡು ವಸ್ತುಗಳು: ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಮತ್ತು ಸಿರಿಂಜು. ಬಿಸಿಲಿಗೆ ಸಿಕ್ಕರೆ ಲಸಿಕೆ ಕೆಡುತ್ತದೆ. ಕೆಟ್ಟ ಲಸಿಕೆಯನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಪೆಟ್ಟಿಗೆಯ ತಂಪು ಆರುವ ಮೊದಲು ಹಟ್ಟಿಗಳನ್ನು ಮುಟ್ಟಿದ ಸಿಬ್ಬಂದಿಯ ಶ್ರಮದ ಫಲವಾಗಿ ಭಾರತದಲ್ಲಿ ದೊಡ್ಡರೋಗದ ಕೊನೆಯ ಪ್ರಕರಣ 1995ರಲ್ಲಿ ಕಂಡಿತು. 2011ರಲ್ಲಿ ಇಡೀ ಜಗತ್ತು ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿಹಾಕಿದ ಎರಡನೆಯ ರೋಗ ಇದು.

ಮೈಸೂರಿನಿಂದ ಹೆಸರಘಟ್ಟಕ್ಕೆ

ತಣ್ಣನೆಯ ಇನ್ನೊಂದು ಪಾತ್ರೆ ನಮ್ಮ ಕೊಟ್ಟಿಗೆಗಳ ಚಹರೆಯನ್ನೇ ಬದಲಿಸಿತು. ಹಸು ಬೆದೆಗೆ ಬಂದರೆ ಹಿಂದೆ ಊರ ಹೋರಿಯನ್ನು ಹುಡುಕಬೇಕಿತ್ತು. ಈಗ ರೈತರು ‘ಇಂಜೆಕ್ಷನ್ ಕೊಡಿಸಬೇಕು’ ಎನ್ನುತ್ತಾರೆ. ಅದು ನಿಜಕ್ಕೂ ಚುಚ್ಚುಮದ್ದಲ್ಲ, ಕೃತಕ ಗರ್ಭಧಾರಣೆ. ಭಾರತದಲ್ಲಿ ಇದು ಮೊದಲು ನಡೆದದ್ದು ಕನ್ನಡ ನೆಲದಲ್ಲಿ. 1939ರಲ್ಲಿ ಮೈಸೂರಿನ ಅರಮನೆ ಡೇರಿಯಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಬಳಸಿದರು. 33 ಹಸುಗಳು ಗಬ್ಬವಾದವು.

ಆಗ ವೀರ್ಯವನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿರಲಿಲ್ಲ. 1949ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಬದುಕುತ್ತವೆ ಎಂದು ಕಂಡುಕೊಂಡರು. ವೀರ್ಯ ತುಂಬುವ ಕಡ್ಡಿಯ ಯೋಚನೆ ಡೆನ್ಮಾರ್ಕಿನ ಸೋರೆನ್‌ಸೆನ್‌ಗೆ ಹೊಳೆದದ್ದು ಮಗಳ ಹುಟ್ಟುಹಬ್ಬದಲ್ಲಿ ಮಕ್ಕಳು ಪಾನಕ ಹೀರುತ್ತಿದ್ದ ಸ್ಟ್ರಾಗಳನ್ನು ನೋಡಿದಾಗ ಎಂದು ಹೇಳುವುದುಂಟು. ಫ್ರಾನ್ಸಿನ ರಾಬರ್ಟ್ ಕಸ್ಸು 1960ರ ದಶಕದಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟ. ಅದೇ ಡೆನ್ಮಾರ್ಕಿನ ನೆರವು ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ವೀರ್ಯ ಘನೀಕರಣದ ಕೇಂದ್ರ ಬೆಳೆಯಲೂ ಒದಗಿತು. ಮೈನಸ್ 196 ಡಿಗ್ರಿ ಸೆಲ್ಸಿಯಸ್ ತಣ್ಣನೆಯ ದ್ರವ ಸಾರಜನಕದ ಕ್ಯಾನು ಇಂದು ಸ್ಕೂಟರಿನಲ್ಲಿ ಹಳ್ಳಿಗೆ ಬರುತ್ತದೆ. ಕಾಲು ಮಿಲಿಲೀಟರಿನ ಕಡ್ಡಿಯೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತೆಳ್ಳನೆಯ ಉಕ್ಕಿನ ಗನ್ನಿಗೆ ಸೇರಿಸುತ್ತಾರೆ. ಹಾಲಿನ ಡೇರಿಗೆ ದಿನಾ ಎರಡು ಹೊತ್ತು ಹಾಲು ಹಾಕಿ ಸಂಸಾರ ನಡೆಸುವ ಅದೆಷ್ಟೋ ಮನೆಗಳ ಆದಾಯ ಈ ಅರ್ಧ ನಿಮಿಷದ ಎಚ್ಚರದ ಮೇಲೆ ನಿಂತಿದೆ.

ಕಡೆಗೂ ಕೈಯೇ

ಆ ಗನ್ನಿನ ತುದಿ ಗರ್ಭಕೋಶದ ಬಾಯಿಗೆ ಮುಟ್ಟಿತೋ ಇಲ್ಲವೋ ಎಂದು ಹೇಳುವುದು ಮಾತ್ರ ಯಾವ ಯಂತ್ರವೂ ಅಲ್ಲ. ಭುಜದವರೆಗೆ ಗ್ಲೌಸ್ ತೊಟ್ಟ ಕೈ, ಹಸುವಿನ ಕರುಳಿನ ಪದರದ ಮೂಲಕ ಗರ್ಭಕೋಶವನ್ನು ತಡವಿ ತಿಳಿಯುತ್ತದೆ. ಗಬ್ಬ ನಿಂತಿದೆಯೇ ಎಂದು ಕೆಲವು ತಿಂಗಳ ಬಳಿಕ ನೋಡುವುದೂ ಸಾಮಾನ್ಯವಾಗಿ ಅದೇ ಕೈ. ನಗರದ ದೊಡ್ಡ ಆಸ್ಪತ್ರೆಗಳಿಗೆ ಎಕ್ಸ್-ರೇ, ಸ್ಕ್ಯಾನಿಂಗ್ ಬಂದಿವೆ. ಹಳ್ಳಿಯ ಚೀಲದಲ್ಲಿ ಈಗಲೂ ಇರುವುದು ಥರ್ಮಾಮೀಟರು, ಸ್ಟೆತಸ್ಕೋಪು, ಸಿರಿಂಜು, ಟ್ರೋಕಾರು.

ಗೊಟ್ಟದಿಂದ ಸಿರಿಂಜಿಗೆ, ಕಲ್ಲಿನಿಂದ ಬರ್ಡಿಜೋಗೆ ಬಂದ ಈ ದಾರಿಯನ್ನು ವಿಜ್ಞಾನದ ಚರಿತ್ರೆ ಎನ್ನಬಹುದು. ಮಾತು ಬಾರದ ಜೀವದ ನೋವನ್ನು ಮನುಷ್ಯ ನಿಧಾನವಾಗಿ ಕೇಳಿಸಿಕೊಳ್ಳಲು ಕಲಿತ ಚರಿತ್ರೆಯೂ ಹೌದು. ಪೈಪುಗಳ ಚೌಕಟ್ಟಿನಲ್ಲಿ ನಿಂತ ಹಸುವಿಗೆ ಇದೊಂದೂ ಗೊತ್ತಿಲ್ಲ. ಸಂಜೆ ಮನೆಗೆ ಮರಳಿ ಅದು ಮೆಲುಕು ಹಾಕತೊಡಗಿದರೆ, ರೈತನ ಮನೆಯಲ್ಲೂ ಅಂದು ನೆಮ್ಮದಿಯ ಊಟ.