ಅಕ್ಷರಕ್ಕೆಂದು ಹುಟ್ಟಿದ ಪರದೆ

ಇವತ್ತಿನ ಮಾತು ಶುರುವಾಗಿದ್ದು ನಮ್ಮಕ್ಕನ ಮಗನ ಫೋನಿನಿಂದ. "ಮಾಮಾ, ಎಸ್.ಪಿ. ರೋಡಲ್ಲಿ ಆಫೀಸಿಂದ ಬಂದ ಹಳೇ ಮಾನಿಟರ್ ಸಿಕ್ತಿದೆ, ಹೊಸದರ ಅರ್ಧ ರೇಟು. ಗೇಮ್ ಆಡ್ಬೇಕು, ವಿಡಿಯೋ ಎಡಿಟ್ ಮಾಡ್ಬೇಕು. ತಗೊಳ್ಳಲಾ?" ಅಂದ. ಕಾಲೇಜಿಗೆ ಹೋಗ್ತಾನೇ ಮದುವೆ ವಿಡಿಯೋ ಎಡಿಟ್ ಮಾಡಿ ನಾಲ್ಕು ಕಾಸು ಸಂಪಾದಿಸುವ ಹುಡುಗ ಅವನು. ನನಗೆ ತಕ್ಷಣ ಹೂಂ ಅನ್ನೋಕೆ ಆಗಲಿಲ್ಲ. ಯಾಕೆಂದರೆ ಇದೇ ವಿಷಯದಲ್ಲಿ ನಾನೊಮ್ಮೆ ದಂಡ ತೆತ್ತವನು.

ಹಲವು ವರ್ಷಗಳ ಹಿಂದೆ ಇಂಥದ್ದೇ ಅಗ್ಗದ ಆಫೀಸ್ ಮಾನಿಟರ್ ಮುಂದೆ ಕೂತು ಪರಿಚಯದವರ ಮನೆಯ ಮದುವೆ ವಿಡಿಯೋ ಎಡಿಟ್ ಮಾಡಿದ್ದೆ. ಅರಿಶಿನ ಶಾಸ್ತ್ರದ ದೃಶ್ಯ ಪೇಲವವಾಗಿ ಕಾಣ್ತಿತ್ತು. ಬಣ್ಣ ಏರಿಸಿದೆ, ಇನ್ನೂ ಏರಿಸಿದೆ. ಅವರು ಮನೆಯ ಟಿವಿಯಲ್ಲಿ ಹಾಕಿ ನೋಡಿದರೆ ಮದುಮಗಳ ಮುಖ ಕಿತ್ತಳೆ ಹಣ್ಣಿನ ಹಾಗಿತ್ತು! ಅರ್ಧ ದುಡ್ಡು ವಾಪಸ್ ಕೊಟ್ಟೆ. ದುಡ್ಡು ಹೋಯ್ತು ಬಿಡಿ, ಹುಡುಗಿಯ ತಾಯಿ ಒಂದು ಮಾತೂ ಆಡದೆ ಟಿವಿ ಆರಿಸಿದ್ದು ಮಾತ್ರ ಇನ್ನೂ ಕಣ್ಣ ಮುಂದಿದೆ.

ಹಾಗಾದರೆ ಆಫೀಸ್ ಮಾನಿಟರ್ ಕೆಟ್ಟದ್ದಾ? ಅಲ್ಲ. ಅದು ಹುಟ್ಟಿದ್ದು ಬೇರೆ ಕೆಲಸಕ್ಕೆ. ಆ ಕಥೆ ಗೊತ್ತಾದರೆ ಅಂಗಡಿಯಲ್ಲಿ ಏನು ಕೇಳಬೇಕು ಅನ್ನೋದೂ ಗೊತ್ತಾಗುತ್ತೆ.

ನೋಡಿ, ಆಟಗಳು ಶುರುವಾಗಿದ್ದೇ ಎರವಲು ಪರದೆಗಳ ಮೇಲೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಸಂದರ್ಶಕರ ಮನರಂಜನೆಗೆಂದು 'ಟೆನಿಸ್ ಫಾರ್ ಟೂ' ಮಾಡಿದರು. ಅದರ ಪರದೆ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಸಂಕೇತ ಅಳೆಯುವ ಉಪಕರಣ. 1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿನಲ್ಲಿ 'ಸ್ಪೇಸ್‌ವಾರ್' ಬರೆದರು. ಅದರ ಪರದೆ ರಾಡಾರ್‌ಗೆ ಬಳಸುವ ಬಗೆಯ ಕೊಳವೆ. ಬೆಳಕು ಬಿದ್ದ ಜಾಗ ಸ್ವಲ್ಪ ಹೊತ್ತು ಹೊಳೀತಾನೇ ಇರ್ತಿತ್ತು. ಹಾಗಾಗಿ ನೌಕೆಗಳ ಹಿಂದೆ ಬೆಳಕಿನ ಬಾಲ ಕಾಣ್ತಿತ್ತು. ಅಲ್ಲಿ ಅದು ಚಂದವೇ.

ಇದೇ ಬಾಲ 1981ರಲ್ಲಿ ಆಫೀಸಿಗೆ ಬಂತು. ಐಬಿಎಂ ತನ್ನ ಮೊದಲ ಪಿಸಿ ಜೊತೆ 5151 ಅನ್ನೋ ಹಸಿರು ಪರದೆಯ ಮಾನಿಟರ್ ಕೊಟ್ಟಿತು. ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಚಿತ್ರ ಸೆಕೆಂಡಿಗೆ 50 ಸಲ ಹೊಸದಾಗಿ ಮೂಡ್ತಿತ್ತು. ಅಷ್ಟು ನಿಧಾನವಾದರೆ ಪರದೆ ಮಿಣುಕಿದಂತೆ ಕಾಣುತ್ತೆ, ದಿನವಿಡೀ ಲೆಕ್ಕ ಬರೆಯುವವರ ಕಣ್ಣು ಸೋಲುತ್ತೆ. ಅದಕ್ಕೇ ಬೆಳಕು ಬೇಗ ಆರದ ಫಾಸ್ಫರ್ ಲೇಪ ಹಾಕಿದರು. ಅಕ್ಷರ ಕಲ್ಲಲ್ಲಿ ಕೆತ್ತಿದ ಹಾಗೆ ನಿಂತಿತು. ಆದರೆ ಏನಾದರೂ ಚಲಿಸಿದರೆ ಹಿಂದೆ ಹಸಿರು ನೆರಳು ಎಳೆದುಕೊಂಡು ಹೋಗ್ತಿತ್ತು. ನಿಂತ ಅಕ್ಷರಕ್ಕೆ ಒಳ್ಳೆಯದಾದದ್ದೇ ಓಡುವ ಚಿತ್ರಕ್ಕೆ ಕಂಟಕ. ಇವತ್ತಿನ ಜಗಳದ ಬೇರು ಇಲ್ಲೇ ಇದೆ.

ಬಣ್ಣದ ಕಥೆ ಇದಕ್ಕೆ ತಿರುಗುಮುರುಗು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಅಳತೆಗೋಲು ಸೂಚಿಸಿದವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಅದಕ್ಕೆ ಆಧಾರ ಯಾವುದು ಗೊತ್ತಾ? ಆಗ ಮೇಜುಗಳ ಮೇಲಿದ್ದ ಸಾಮಾನ್ಯ ಗಾಜಿನ ಕೊಳವೆಯ ಮಾನಿಟರ್! ಎಚ್‌ಡಿ ಟಿವಿಯ ಮೂಲಬಣ್ಣಗಳೂ ಇವೇ. ಅಂದರೆ ನಾವು ಯೂಟ್ಯೂಬಿಗೆ ಹಾಕುವ ಮಾಮೂಲಿ ವಿಡಿಯೋದ ಬಣ್ಣಕ್ಕೂ ಆಫೀಸಿನ ಮೇಜಿಗೂ ಹಳೇ ನೆಂಟಸ್ತನ.

ಆ ನೆಂಟಸ್ತನ ಕೆಡಿಸಿದ್ದು ಅಗ್ಗದ ಎಲ್‌ಸಿಡಿ. ಆಫೀಸಿಗೆ ರಾಶಿ ರಾಶಿ ಬಂದ ಟಿಎನ್ ಬಗೆಯ ಪ್ಯಾನೆಲ್‌ಗಳಲ್ಲಿ ಬಹಳಷ್ಟು 6 ಬಿಟ್‌ನವು. ಒಂದೊಂದು ಮೂಲಬಣ್ಣಕ್ಕೆ 64 ಛಾಯೆ, ಒಟ್ಟು 2,62,144 ಬಣ್ಣ. 8 ಬಿಟ್ ಆದರೆ ಸುಮಾರು 1.67 ಕೋಟಿ. ಟಿಎನ್ ಪರದೆಯಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಆದರೂ ಬಣ್ಣ ಬದಲಾಗುತ್ತೆ. ಇದಕ್ಕೆ ಮದ್ದಾಗಿ ಹಿಟಾಚಿ ಕಂಪನಿ 1990ರ ದಶಕದಲ್ಲೇ ಐಪಿಎಸ್ ಪ್ಯಾನೆಲ್ ತಂದಿತ್ತು, ಆದರೆ ಅದು ಅಗ್ಗವಾಗಿ ಸಾಮಾನ್ಯ ಮೇಜಿಗೆ ಬರೋಕೆ ವರ್ಷಗಳೇ ಹಿಡಿದವು. ನನ್ನ ಅರಿಶಿನ ಕಿತ್ತಳೆಯಾಗಿದ್ದು ಟಿಎನ್ ಪರದೆಯ ಮುಂದೆ.

ಇನ್ನು ವೇಗ. ಎಲ್‌ಸಿಡಿ ಮಾನಿಟರ್ 60 ಹರ್ಟ್ಸ್‌ಗೆ ನಿಂತುಬಿಟ್ಟಿತ್ತು. ಪ್ರತಿ ಚಿತ್ರ 16.7 ಮಿಲಿಸೆಕೆಂಡ್ ಅಲುಗದೆ ನಿಲ್ಲುತ್ತೆ, ಓಡುವ ವಸ್ತುವನ್ನು ಹಿಂಬಾಲಿಸುವ ಕಣ್ಣಿಗೆ ಅದು ಮಸುಕಾಗಿ ಕಾಣುತ್ತೆ. 2009ರಲ್ಲಿ ಸ್ಯಾಮ್‌ಸಂಗ್ ಮತ್ತು ವ್ಯೂಸಾನಿಕ್ 120 ಹರ್ಟ್ಸ್ ಮಾನಿಟರ್ ತಂದವು. ಉದ್ದೇಶ 3ಡಿ ಕನ್ನಡಕ, ಒಂದೊಂದು ಕಣ್ಣಿಗೆ 60. ಕನ್ನಡಕ ಮೂಲೆ ಸೇರಿತು, ವೇಗ ಆಟಗಾರರ ಪಾಲಿಗೆ ಉಳಿಯಿತು. ಈಗ 144 ಹರ್ಟ್ಸ್‌ನಲ್ಲಿ ಒಂದು ಚಿತ್ರ ನಿಲ್ಲೋದು ಬರೀ 6.9 ಮಿಲಿಸೆಕೆಂಡ್.

ಎಡಿಟಿಂಗಿಗೆ ಈ ಓಟ ಬೇಕಾ? ಸಿನಿಮಾ ಸೆಕೆಂಡಿಗೆ 24 ಫ್ರೇಮು, ಮದುವೆ ವಿಡಿಯೋ 25 ಅಥವಾ 30. 60 ಹರ್ಟ್ಸ್ ಧಾರಾಳ ಸಾಕು. ಕಥೆಯಿರುವ ಆಟ, ತಂತ್ರದ ಆಟ, ಕ್ರಿಕೆಟ್ ಆಟಕ್ಕೂ ನಡೆಯುತ್ತೆ. ಕಣ್ಣು ಮಿಟುಕಿಸೋದ್ರಲ್ಲಿ ಗುಂಡು ಹೊಡೆಯುವ ಪೈಪೋಟಿ ಆಟಕ್ಕೆ ಮಾತ್ರ ಹಳೇ ಆಫೀಸ್ ಪರದೆ ಸಾಲದು. ಹೊಸ ಆಫೀಸ್ ಮಾನಿಟರ್‌ಗಳಲ್ಲಿ 100 ಹರ್ಟ್ಸಿನವೂ ಬಂದಿವೆ.

ಹಾಗಾಗಿ ಹುಡುಗನಿಗೆ ಹೇಳಿದೆ: "ಆಫೀಸಿಂದಾ, ಗೇಮಿಂಗಾ ಅಂತ ಕೇಳ್ಬೇಡ ಕಣೋ. ಹಿಂದೆ ಬರೆದಿರೋ ಮಾಡೆಲ್ ನಂಬರ್ ನೋಡಿ ಮೊಬೈಲಲ್ಲಿ ಹುಡುಕು. ಐಪಿಎಸ್ ಇರಬೇಕು, ಎಸ್‌ಆರ್‌ಜಿಬಿ 100ಕ್ಕೆ ಹತ್ತಿರ ಇರಬೇಕು. ಎನ್‌ಟಿಎಸ್‌ಸಿ 72 ಪರ್ಸೆಂಟ್ ಅಂತಿದ್ರೆ ಹೆದರ್ಬೇಡ." ಅದು 1953ರ ಅಮೆರಿಕದ ಕಲರ್ ಟಿವಿಯ ಲೆಕ್ಕ, ಹೆಚ್ಚುಕಮ್ಮಿ ಪೂರ್ತಿ ಎಸ್‌ಆರ್‌ಜಿಬಿಗೆ ಸಮ. 45 ಅಂತಿದ್ದರೆ ಅಲ್ಲೇ ಬಿಟ್ಟು ಬರಬೇಕು. ಹಳೇ ಪರದೆಯ ಹಿಂಬೆಳಕು ಸವೆದಿರುತ್ತೆ, ಅಂಗಡಿಯಲ್ಲೇ ಪೂರ್ತಿ ಬಿಳಿ ಚಿತ್ರ ಹಾಕಿಸಿ ನೋಡಬೇಕು.

ಅವನು ನೋಡಿದ. ಐಪಿಎಸ್ಸೇ ಇತ್ತು, ತಗೊಂಡ. ಕೊನೆಗೊಂದು ಮಾತು ಹೇಳಿದೆ, ಅದನ್ನೇ ನಿಮಗೂ ಹೇಳ್ತೀನಿ. ಮೊದಲು ನಿಮ್ಮ ಮನೆಯವರದೇ ಒಂದು ಮುಖ ಎಡಿಟ್ ಮಾಡಿ, ಫೋನಿನಲ್ಲೂ ಟಿವಿಯಲ್ಲೂ ಹಾಕಿ ನೋಡಿ. ಇನ್ನೊಬ್ಬರ ಮಗಳ ಮದುವೆಗೆ ಕೈ ಹಾಕೋದು ಅದಾದ ಮೇಲೆ.