1720 ಅಡಿಯ ಗೆರೆ

ಮುದ್ದೇಬಿಹಾಳದ ಮಕ್ಕಳಿಗೆ ನಾನು ಭೂಗೋಳ ಕಲಿಸಿದ್ದು ಸರ್ವೆ ಆಫ್ ಇಂಡಿಯಾದ ಹಳೇ ನಕಾಶೆ ಹಾಸಿಕೊಂಡು. ಒಂದು ಇಂಚಿಗೆ ಒಂದು ಮೈಲಿ. ನಮ್ಮೂರು 56ಡಿ/3ನೇ ಹಾಳೆಯಲ್ಲಿದೆ, ಆಲಮಟ್ಟಿ 47ಪಿ/15ರಲ್ಲಿ. ನಡುವೆ 76ನೇ ರೇಖಾಂಶ ಹಾದುಹೋಗುವುದರಿಂದ ಕೃಷ್ಣೆಯ ದಾರಿ ಹಿಡಿಯಬೇಕೆಂದರೆ ಹಾಳೆಗಳನ್ನು ಅಂಚಿಗಂಚು ಜೋಡಿಸಲೇಬೇಕು.

ಆ ಹಾಳೆಗಳಲ್ಲಿ ಆಲಮಟ್ಟಿ ಜಲಾಶಯವಿಲ್ಲ. ನದಿದಂಡೆಯ ಊರು, ಗುಡಿ, ನೀಲಿ ಚುಕ್ಕೆಯ ಬಾವಿ, ತುಂಡುಗೆರೆಯ ಗಾಡಿದಾರಿ ಎಲ್ಲವೂ ಇವೆ. ಅವುಗಳ ನಡುವೆ ಕಂದು ಬಣ್ಣದ ಸಮೋನ್ನತಿ ರೇಖೆಗಳು. ಮಕ್ಕಳ ಬೆರಳು ಹಿಡಿದು 1700 ಅಡಿಯ ಗೆರೆಯ ಮೇಲೆ ನಡೆಸುತ್ತಿದ್ದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಪೂರ್ಣಮಟ್ಟ 519.60 ಮೀಟರ್, ಅಂದರೆ ಸುಮಾರು 1705 ಅಡಿ. ಹೀಗಾಗಿ ಆ ಕಂದು ಗೆರೆಯೇ ಹೆಚ್ಚುಕಡಿಮೆ ಇಂದಿನ ಹಿನ್ನೀರಿನ ದಡ. ಅದರ ಒಳಗಿನ ಹೊಲಮನೆಗಳು ಈಗ ನೀರಡಿ.

2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಆಲಮಟ್ಟಿಗೆ ಒಪ್ಪಿದ ಎತ್ತರ 524.256 ಮೀಟರ್. ಮೀಟರಿನಲ್ಲಿ ವಿಚಿತ್ರವಾಗಿ ಕಾಣುವ ಈ ಅಂಕಿ ಅಡಿಯಲ್ಲಿ ಸರಿಯಾಗಿ 1720. ಕೆಳಗಿನ ನಾರಾಯಣಪುರ ಅಣೆಕಟ್ಟಿನ ಪೂರ್ಣಮಟ್ಟ 492.25 ಮೀಟರ್ ಕೂಡ 1615 ಅಡಿಯೇ. ನಮ್ಮ ನದಿಯ ಹಣೆಬರಹ ಇಂದಿಗೂ ಹಳೇ ನಕಾಶೆಯ ಅಳತೆಯಲ್ಲೇ ಇದೆ.

ಅದಕ್ಕೇ ಹೇಳುತ್ತೇನೆ: ಮುಳುಗಿದ ಊರುಗಳವರ ಪುನರ್ವಸತಿ ಕೇಂದ್ರಗಳ ಪ್ರತಿ ಶಾಲೆಯಲ್ಲೂ ಈ ಹಾಳೆಗಳು ಗೋಡೆಯ ಮೇಲಿರಬೇಕು. ಅಜ್ಜನ ಊರು ಎಲ್ಲಿತ್ತೆಂದು ಮೊಮ್ಮಕ್ಕಳು ಬೆರಳಿಟ್ಟು ತೋರಿಸುವಂತಾಗಬೇಕು. ಅದು ಅವರ ಹಕ್ಕು.